ಮೂರೂವರೆಯ ಲಿಫ್ಟು

"ಅವನ ಕೈ ನಿನ್ನ ಬಾಗಿಲು ಮುಟ್ಟೋದಿಲ್ಲ."

ಮೂರು ವರ್ಷದ ಹಿಂದೆ ಒಬ್ಬ ಹೆಂಗಸಿಗೆ ನಾನು ಕೊಟ್ಟ ಮಾತು ಇಷ್ಟೇ.

ಆ 'ಅವನು' ಈಗ ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಕಬ್ಬಿಣದ ಜಾಲರಿಯ ಹಳೇ ಲಿಫ್ಟು. ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಅವನ ಎಡಗೈಯಲ್ಲಿ ಕೇಕಿನ ಡಬ್ಬ. ಬಲಗೈಯಲ್ಲಿ ಚಾಕು.

ಕೆಳಗೆ ಮೂವತ್ತು ಜನ ಚಪ್ಪಾಳೆ ತಟ್ಟುತ್ತಿದ್ದರು...

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅಷ್ಟು ಒಳ್ಳೆಯ ಜನರನ್ನು ನಾನು ಈ ಕಸುಬಿನಲ್ಲಿ ನೋಡಿಲ್ಲ. ಕಷ್ಟ ಇದ್ದದ್ದೇ ಅಲ್ಲಿ.

ಜನರನ್ನು ಕಾಣೆ ಮಾಡುವುದು ನನ್ನ ಕೆಲಸ. ಕೊಲ್ಲುವುದಲ್ಲ, ಗಾಬರಿ ಬೇಡ. ಹೊಡೆತ ತಿಂದು ಓಡಿಬಂದವರಿಗೆ ಹೊಸ ಮನೆ, ಹೊಸ ನಂಬರ್, ಹೊಸ ಕೆಲಸ. ಹಳೇ ವಿಳಾಸದಲ್ಲಿ ಹುಡುಕಿದವನಿಗೆ ಧೂಳು ಬಿಟ್ಟು ಬೇರೇನೂ ಸಿಗಬಾರದು.

ಆಕೆ ಪರದೆ ಹೊಲಿಯುವವಳು. ಗಂಡ ಬೇಕರಿಯವನು. ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗೆರೆಗಳಿದ್ದವು, ಒಂದರ ಪಕ್ಕ ಒಂದು, ಒಲೆಯ ತಂತಿಯ ತಟ್ಟೆಯದೇ ಅಚ್ಚು.

"ಫೋಟೋ ಹಾಕಬೇಡ. ಹೆಸರು ಹೇಳಬೇಡ. ಹಳೇ ಗೆಳತಿಯರಿಗೆ ಫೋನ್ ಮಾಡಬೇಡ," ಅಂದೆ.

"ಲಿಫ್ಟ್ ಹತ್ತಬಹುದಾ ಅಣ್ಣಾ?"

ತಮಾಷೆ ಅಂದುಕೊಂಡೆ. ಅಲ್ಲ. ಅವಳಿಗೆ ಲಿಫ್ಟಿನ ಹುಚ್ಚು. ಐದನೇ ಮಹಡಿಯ ಆ ಮನೆ ತೋರಿಸಿದಾಗ ಬಾಡಿಗೆ ಕೇಳಲಿಲ್ಲ, ನೀರು ಬರುತ್ತದಾ ಕೇಳಲಿಲ್ಲ. ಲಿಫ್ಟಿನ ಬಾಗಿಲನ್ನು ಎರಡು ಸಲ ಎಳೆದು ಮುಚ್ಚಿದಳು. ಸದ್ದಿಗೆ ಕಿವಿ ಕೊಟ್ಟಳು.

"ಇದೇ ಸಾಕು," ಅಂದಳು.

ಆವತ್ತು ಮೊದಲ ಸಲ ಅವಳ ನಗು ನೋಡಿದೆ.

ಇಂಥ ಹುಚ್ಚು ಇರುವವರದ್ದು ಆನ್‌ಲೈನಿನಲ್ಲಿ ಒಂದು ಗುಂಪು ಇದೆ. ನಾಲ್ಕು ಸಾವಿರ ಜನ. ಹಳೇ ಲಿಫ್ಟು ಹುಡುಕುತ್ತಾರೆ, ವಿಡಿಯೋ ಮಾಡುತ್ತಾರೆ, ಜಗಳ ಆಡುತ್ತಾರೆ. ಅವಳೂ ಸೇರಿದಳು. ಅಲ್ಲಿ ಅವಳ ಹೆಸರು 'ಮೂರೂವರೆ'. ಹೊಸ ಮನೆಗೆ ಬಂದ ವಾರವೇ ಲಿಫ್ಟು ಮೂರಕ್ಕೂ ನಾಲ್ಕಕ್ಕೂ ನಡುವೆ ಕೆಟ್ಟು ನಿಂತಿತ್ತಂತೆ. ಅದಕ್ಕೆ ಆ ಹೆಸರು. ಮುಖ ತೋರಿಸಲಿಲ್ಲ, ಊರು ಹೇಳಲಿಲ್ಲ.

ಈ ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು.

"ಅಣ್ಣಾ... ಎಲ್ಲರಿಗೂ ಗೊತ್ತಾಯ್ತು."

"ಏನು ಹಾಕಿದೆ?"

"ಫೋಟೋ ಅಲ್ಲಣ್ಣಾ, ಬರೀ ಸದ್ದು. ಬಾಗಿಲು ಮುಚ್ಚೋ ಸದ್ದು."

"ಅದರಿಂದ ಯಾರಿಗೆ ಏನು ಗೊತ್ತಾಗುತ್ತೆ?"

"ಬೇರೆಯವರಿಗೆ ಗೊತ್ತಾಗಲ್ಲ. ಇವರಿಗೆ ಗೊತ್ತಾಗುತ್ತೆ."

ನಮಗೆ ಅದು 'ಧಡ್'. ಅವರಿಗೆ ಅದರಲ್ಲಿ ಲಿಫ್ಟಿನ ವಯಸ್ಸು ಕೇಳಿಸುತ್ತದೆ, ಯಾವ ಕಾರ್ಖಾನೆಯದು, ಯಾವ ಸ್ಪ್ರಿಂಗು ಸಡಿಲ ಎಂಬುದೂ ಕೇಳಿಸುತ್ತದೆ. ಅಂಥ ಲಿಫ್ಟು ಉಳಿದಿರುವುದು ಇಡೀ ನಾಡಿನಲ್ಲಿ ಒಂದೇ ಕಡೆ. ಯಾರೋ ಪುಣ್ಯಾತ್ಮ ಕಂಡುಹಿಡಿದಿದ್ದ. ಬೀದಿಯ ಹೆಸರು, ಕಟ್ಟಡದ ಫೋಟೋ, ಸುತ್ತ ಕೆಂಪು ಗೆರೆ. 'ಮೂರೂವರೆ ಸಿಕ್ಕಳು. ಇವತ್ತು ಮಧ್ಯಾಹ್ನ ಎಲ್ಲರೂ ಹೋಗೋಣ.'

ಬೇಡ ಅಂತ ಅವಳು ಬರೆದಿದ್ದಳು. ಅದಕ್ಕೆ ಬಂದ ಉತ್ತರ: 'ನಾಚಿಕೆ ಯಾಕೆ ತಾಯಿ, ನಾವೆಲ್ಲ ಒಂದೇ ಮನೆಯವರು.'

ಗುಂಪಿನ ಯಜಮಾನ ಹಲ್ಲಿನ ಡಾಕ್ಟರ್. ಭಾನುವಾರವೂ ಕ್ಲಿನಿಕ್ ತೆರೆದಿದ್ದ. ಕುರ್ಚಿಯಲ್ಲಿ ಒಬ್ಬ ಬಾಯಿ ತೆರೆದು ಮಲಗಿದ್ದ.

"ಅದನ್ನ ತೆಗೀರಿ," ಅಂದೆ.

"ಹಲ್ಲಾ?"

"ಪೋಸ್ಟು."

ಡಾಕ್ಟರ್ ಮಾಸ್ಕ್ ಇಳಿಸಿದ. "ನಮ್ಮಲ್ಲಿ ಏನೂ ಮುಚ್ಚಿಡಲ್ಲ ಸಾರ್. ಹೋದ ವರ್ಷ ಒಂದು ಮರದ ಲಿಫ್ಟನ್ನ ಗುಜರಿಗೆ ಹಾಕಿದರು. ಅದು ಎಲ್ಲಿತ್ತು ಅಂತ ಗೊತ್ತಿದ್ದವನು ಒಬ್ಬನೇ, ಅವನು ಬಾಯಿ ಬಿಡಲಿಲ್ಲ. ಆವತ್ತಿಂದ ಇದು ರೂಲು. ಲಿಫ್ಟ್ ಯಾರ ಸ್ವಂತದ್ದೂ ಅಲ್ಲ."

"ಅದರ ಮೇಲೊಂದು ಮನೆ ಇದೆ. ಮನೇಲಿ ಒಬ್ಬಳು ಹೆಂಗಸು. ಅವಳನ್ನ ಹುಡುಕ್ತಿರೋ ಗಂಡ ಒಬ್ಬ ಇದಾನೆ."

ಅವನ ಕೈ ನಿಂತಿತು. "ಮೊದಲೇ ಹೇಳಬಹುದಿತ್ತಲ್ಲ ಆಕೆ."

"ಹೇಳೋ ಹಾಗಿದ್ದರೆ ಬಚ್ಚಿಟ್ಟುಕೊಳ್ಳೋದು ಯಾಕೆ ಡಾಕ್ಟ್ರೇ?"

ಕುರ್ಚಿಯವನು ಬಾಯಿ ತೆರೆದುಕೊಂಡೇ ಏನೋ ಅಂದ. ನನ್ನ ಪರವಾಗಿಯೇ ಇರಬೇಕು.

ಡಾಕ್ಟರ್ ಪೋಸ್ಟ್ ಅಳಿಸಿದ. ಆ ಜಾಗದಲ್ಲಿ ಒಂದು ಸಾಲು ಬರೆದ: 'ಸದಸ್ಯೆಯ ಸುರಕ್ಷತೆಗಾಗಿ ತೆಗೆಯಲಾಗಿದೆ.' ಅವನ ಮನಸ್ಸು ಒಳ್ಳೆಯದೇ. ಆ ಸಾಲು ನೋಡಿ ಎಲ್ಲರೂ ಶುರು ಹಚ್ಚಿಕೊಂಡರು. ಏನಾಯ್ತು? ಯಾರಿಗೆ? ಯಾರ ಹತ್ತಿರ ಕಾಪಿ ಇದೆ? ಕಾಪಿ ಎಲ್ಲರ ಹತ್ತಿರವೂ ಇತ್ತು.

"ಹೊರಟುಬಿಟ್ಟಿದಾರೆ ಎಲ್ಲರೂ," ಅಂತ ಡಾಕ್ಟರ್ ಫೋನ್ ನನ್ನ ಕಡೆ ತಿರುಗಿಸಿದ. "ನೋಡಿ, ಎರಡು ವರ್ಷದಿಂದ ಒಂದು ಮಾತೂ ಆಡದವರು ಕೂಡ ಇವತ್ತು ಬರ್ತಿದಾರೆ."

ಎರಡು ವರ್ಷ ಸುಮ್ಮನಿದ್ದ ಆ ಸದಸ್ಯನ ಮೊದಲ ಮಾತು ತೆರೆಯ ಮೇಲಿತ್ತು: 'ಕೇಕ್ ನಾನು ತರ್ತೀನಿ. ನಮ್ಮ ಬೇಕರಿದೇ.'



ಗಂಡನಿಗೆ ಅವಳ ನಂಬರ್ ಗೊತ್ತಿರಲಿಲ್ಲ, ಊರು ಗೊತ್ತಿರಲಿಲ್ಲ. ಹುಚ್ಚು ಮಾತ್ರ ಗೊತ್ತಿತ್ತು. ಆ ಹುಚ್ಚಿನ ಬಾಗಿಲಲ್ಲಿ ಎರಡು ವರ್ಷ ಕಾದು ಕೂತಿದ್ದ.

ಬೈಕ್ ಹತ್ತಿದೆ. ಸ್ಟೇಷನ್ನಿಗೆ ಫೋನ್ ಮಾಡಿದೆ. "ಕೇಕ್ ತರ್ತೀನಿ ಅಂದಿದ್ದಕ್ಕೆ ಕೇಸ್ ಹಾಕಕ್ಕಾಗುತ್ತೇನ್ರೀ?" ಅಂದರು. ಅವಳಿಗೆ ಮಾಡಿದೆ. "ಅವನೂ ಬರ್ತಿದಾನೆ. ಚಿಲಕ ಹಾಕ್ಕೊಂಡು ಒಳಗೇ ಇರು, ಬಂದೆ."

"ಇರೋದು ಒಂದೇ ಮೆಟ್ಟಿಲು ಅಣ್ಣಾ. ಬೇರೆ ದಾರಿ ಇಲ್ಲ."

"ಗೊತ್ತು. ಒಳಗೇ ಇರು."

ಸಿಗ್ನಲ್ಲಿನಲ್ಲಿ ಇನ್ನೊಂದು ಕರೆ. ಮಗಳು. "ಅಪ್ಪಾ, ಬರ್ತಾ ಗೋಂದು ತಾ. ನಾಳೆ ಮಾಡೆಲ್ ಕೊಡಬೇಕು."

"ತರ್ತೀನಮ್ಮಾ."

ಕೆಂಪು ದೀಪ ಇರುವಾಗಲೇ ನುಗ್ಗಿದೆ. ಬಸ್ಸಿನವನು ಬೈದ. ಬೈಯಲಿ.

ಕಟ್ಟಡದ ಕೆಳಗೆ ಜಾತ್ರೆ. ಮೆಟ್ಟಿಲ ತುಂಬ ಕ್ಯಾಮರಾ ಹಿಡಿದವರು. ಬಿಳಿ ಡಬ್ಬ ಹಿಡಿದ ಒಬ್ಬ ಅಚ್ಚುಕಟ್ಟಾದ ಮನುಷ್ಯ ಲಿಫ್ಟಿನೊಳಗೆ ಕಾಲಿಡುತ್ತಿದ್ದ. "ಮೊದಲು ಕೇಕ್ ಹೋಗಲಿ," ಅಂತ ಜನ ದಾರಿ ಬಿಟ್ಟಿದ್ದರು. ಬಾಗಿಲು ಮುಚ್ಚುವ ಮುಂಚೆ ನಾನೂ ತೂರಿಕೊಂಡೆ.

ಅವನು ಐದು ಒತ್ತಿದ.

ಒಂದು... ಎರಡು... ಮೂರು...

ಒಳಬಾಗಿಲು ಎಳೆದು ತೆರೆದರೆ ಆ ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ಅವಳೇ ಹೇಳಿಕೊಟ್ಟಿದ್ದಳು. ಎಳೆದೆ. ಧಡ್ ಅಂತ ನಿಂತಿತು.

ಕೆಳಗಿನಿಂದ ಕೂಗು: "ಮೂರೂವರೆಯಲ್ಲೇ ನಿಂತಿದೆ ನೋಡ್ರೋ!" ಚಪ್ಪಾಳೆ.

"ಬಾಗಿಲು ಹಾಕು," ಅಂದ ಅವನು. ಮೆಲುದನಿ. "ಯಾರು ನೀನು?"

"ಲಿಫ್ಟ್ ಹುಚ್ಚ."

"ನನಗೆ ಲಿಫ್ಟ್ ಕಂಡರೆ ಆಗಲ್ಲ. ಎರಡು ವರ್ಷ ಈ ಜನರ ಹರಟೆ ಕೇಳಿದೀನಿ. ಹಗ್ಗ, ಗಾಲಿ, ಗ್ರೀಸು... ತಲೆ ಕೆಟ್ಟುಹೋಗಿದೆ. ಹಾಕು ಬಾಗಿಲು."

ಡಬ್ಬದ ಕೆಳಗಿಂದ ಚಾಕು ಬಂತು. ಕೇಕ್ ಕತ್ತರಿಸುವ ಉದ್ದ ಚಾಕು. ಯಾರು ಸಂಶಯ ಪಡುತ್ತಾರೆ?

ಆಗ ಕಂಡಿತು. ಆ ಕಟ್ಟಡದಲ್ಲಿ ಮೆಟ್ಟಿಲುಗಳು ಲಿಫ್ಟನ್ನು ಸುತ್ತಿಕೊಂಡೇ ಇಳಿಯುತ್ತವೆ. ಅವನ ಬೆನ್ನ ಹಿಂದೆ, ಜಾಲರಿಯ ಆಚೆ, ಒಂದು ಜೊತೆ ಚಪ್ಪಲಿ ಇಳಿದು ಬರುತ್ತಿತ್ತು. ಆಮೇಲೆ ಸೀರೆಯ ಅಂಚು. ಆಮೇಲೆ ಕೊರಳಲ್ಲಿ ಅಳತೆ ಟೇಪು.

ಒಳಗೇ ಇರು ಅಂದಿದ್ದೆ. ಲಿಫ್ಟು ನಿಂತ ಸದ್ದು ಅವಳಿಗೆ ಕೇಳಿಸಿತ್ತು. ಎಲ್ಲಿ ನಿಂತಿತು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಪ್ಪಿಸಿಕೊಂಡು ಇಳಿಯೋಕೆ ಇದೇ ಸಮಯ ಅಂತ ಹೊರಟಿದ್ದಳು.

ಅವನು ತಿರುಗಬಾರದು. ನನಗೆ ಬೇಕಾದದ್ದು ಅದೊಂದೇ.

ಚಾಕುವಿನ ಅಲಗನ್ನೇ ಹಿಡಿದೆ. ಅವನು ಎಳೆದ. ಅಂಗೈ ಸೀಳಿತು. ಬಿಡಲಿಲ್ಲ. ಡಬ್ಬ ಬಿತ್ತು, ಕೆನೆ ಚೆಲ್ಲಿತು, ಅದರ ಮೇಲೆ ನನ್ನ ರಕ್ತ ತೊಟ್ಟಿಕ್ಕಿತು. ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ, ಅವನು ನನ್ನದನ್ನು.

ಕೆಳಗೆ ಯಾರೋ ಅವಳನ್ನು ತಡೆದರು. "ಅಮ್ಮಾ, ನೀವು ಇದೇ ಬಿಲ್ಡಿಂಗಾ? ಮೂರೂವರೆ ಅಂತಾರಲ್ಲ, ಅವರ ಮನೆ ಯಾವುದು ಗೊತ್ತಾ?"



"ಐದನೇ ಮಹಡಿ," ಅಂದಳು ಅವಳು, ದನಿಯನ್ನು ದಪ್ಪ ಮಾಡಿ. "ಹಸಿರು ಬಾಗಿಲು."

"ಥ್ಯಾಂಕ್ಸ್ ಅಮ್ಮಾ."

ಅವಳ ಮುಖ ಅವರಲ್ಲಿ ಒಬ್ಬರೂ ನೋಡಿರಲಿಲ್ಲ. ದಾರಿ ಬಿಟ್ಟರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೇಳಿದೆನಲ್ಲ, ಒಳ್ಳೆಯ ಜನ. ಸಿಕ್ಕಿಕೊಂಡವರನ್ನು ಬಿಟ್ಟು ಹೋಗುವವರಲ್ಲ. ನಾಲ್ಕು ಜನ ಕಾವಲುಗಾರನಿಂದ ಕೀ ಈಸಿಕೊಂಡು ತಾರಸಿಯ ಮೋಟಾರ್ ಕೋಣೆಗೆ ಓಡಿದ್ದರು. ಲಿಫ್ಟು ಅಲುಗಿತು.

ಮೇಲಕ್ಕೆ.

"ಕೆಳಗೆ! ಕೆಳಗೆ ಬಿಡ್ರೀ!" ಕೂಗಿದೆ.

ಮೇಲಿನಿಂದ ಒಬ್ಬ ತಿಳಿಸಿ ಹೇಳಿದ. "ಆಗಲ್ಲ ಸಾರ್, ಇಬ್ಬರೇ ಇದೀರಿ, ಹಗ್ಗದ ಆ ತುದಿಗೆ ಕಟ್ಟಿರೋ ಕಬ್ಬಿಣಕ್ಕಿಂತ ಭಾರ ಕಮ್ಮಿ. ಬ್ರೇಕ್ ಬಿಟ್ಟರೆ ಮೇಲಕ್ಕೇ ಹೋಗೋದು. ಗಾಬರಿಯಾಗಬೇಡಿ, ಐದಕ್ಕೇ ಬಿಡ್ತೀವಿ."

ಇಂಚು ಇಂಚಾಗಿ ಏರಿತು. ಅವನು ನಕ್ಕ. ನಾನು ಆ ಪಂಜರದಲ್ಲಿ ಒಂದು ಕೈಯಲ್ಲಿ ಚಾಕು ಹಿಡಿದು, ಇನ್ನೊಂದು ಕೈಯಲ್ಲಿ ಜಾಲರಿ ಹಿಡಿದು ಸುಮ್ಮನೆ ನಿಂತೆ. ಮಾಡುವುದಕ್ಕೆ ಏನೂ ಇರಲಿಲ್ಲ.

ಐದನೆಯದರಲ್ಲಿ ಯಾರೋ ಬಾಗಿಲು ತೆರೆದು ಅವನ ಕೈ ಹಿಡಿದು ಇಳಿಸಿಕೊಂಡರು. "ಪಾಪ, ಹೆದರಿಬಿಟ್ಟಿರಾ?"

ಅವನು ನೇರ ಹಸಿರು ಬಾಗಿಲಿಗೆ ಹೋದ. ಅಂಗೈ ಊರಿ ತಳ್ಳಿದ. ಚಿಲಕ ಹಾಕಿರಲಿಲ್ಲ. ಒಳಗೆ ಹೊಲಿಗೆ ಮೆಷಿನ್ನು, ಸೂಜಿಯ ಕೆಳಗೆ ಅರ್ಧ ಹೊಲಿದ ಪರದೆ, ಉರಿಯುವ ದೀಪ. ಅಷ್ಟೇ.

ಪೊಲೀಸರು ಬಂದರು. ಕೇಕ್ ಕತ್ತರಿಸುವಾಗ ಜಾರಿತು ಅಂದ ಅವನು. ಗುಂಪಿನವರು ಸಾಕ್ಷಿ ಹೇಳಿದರು. ಸಜ್ಜನ, ಎರಡು ವರ್ಷದಿಂದ ನಮ್ಮ ಜೊತೆ ಇದ್ದಾರೆ. ದೂರು ಕೊಡಬೇಕಾದವಳು ಅಲ್ಲಿರಲಿಲ್ಲ. ನಾನು ಕೊಟ್ಟರೆ ಅವಳ ಹೆಸರು ಬರೆಸಬೇಕಿತ್ತು, ಕೊಡಲಿಲ್ಲ. ಸಂಜೆಗೆ ಅವನನ್ನು ಬಿಟ್ಟರು.

ಮನೆಗೆ ಹೋದಾಗ ಮಗಳು ಕೇಳಿದ್ದು ಗೋಂದನ್ನಲ್ಲ. "ಅಪ್ಪಾ, ಲಿಫ್ಟಿನ ವಿಡಿಯೋದಲ್ಲಿ ನೀನಿದೀಯಾ. ಎಲ್ಲರ ಫೋನಲ್ಲೂ ಬಂದಿದೆ." ಕಾಣೆ ಮಾಡುವವನ ಮುಖ ಈಗ ಊರಿಗೆಲ್ಲ ಗೊತ್ತು. ಕಸುಬು ಮುಗಿಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಡಾಕ್ಟರ್ ಗುಂಪಿನಲ್ಲಿ ಉದ್ದನೆಯ ಕ್ಷಮಾಪಣೆ ಬರೆದ. ಅದರ ಕೆಳಗೇ ಪ್ರಶ್ನೆಗಳು ಬಂದವು: 'ಮೂರೂವರೆ ಈಗ ಎಲ್ಲಿದ್ದಾರೆ? ಯಾರಿಗಾದರೂ ಗೊತ್ತಾ? ಕಾಳಜಿಯಿಂದ ಕೇಳುತ್ತಿದ್ದೇವೆ.'

ನನಗೂ ಗೊತ್ತಿಲ್ಲ. ಅವಳು ನನಗೂ ಫೋನ್ ಮಾಡಿಲ್ಲ. ಲಿಫ್ಟೇ ಇಲ್ಲದ ಯಾವುದೋ ಊರಲ್ಲಿ, ನೆಲದ ಮೇಲಿನ ಮನೆಯಲ್ಲಿ ಇದ್ದಾಳೆ ಅಂದುಕೊಂಡಿದ್ದೇನೆ.

ಅವನ ಕೈ ಅವಳ ಬಾಗಿಲು ಮುಟ್ಟಿತು. ನಾನು ಕೊಟ್ಟ ಮಾತು ಮುರಿಯಿತು.