ಆ ಅರೆಗಳಿಗೆಯ ನಿಲುವು

“ಯಾರನ್ನ ಕೇಳಿ ಬಿಚ್ಚಿದ್ರಿ ಇದನ್ನ?”

ನಿಶಾತ ಬಾಗಿಲಲ್ಲೇ ನಿಂತು ಕೇಳಿದಳು. ಗದಗಿನ ಆ ಸಣ್ಣ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಅವಳ ನೃತ್ಯಗುರು ಶೇಖವ್ವ ಟೀಚರ್ ಅವರ ಜರಿಯಂಚಿನ ಹಸಿರು ರೇಷ್ಮೆಯ ಉಡುಪು ತುಂಡು ತುಂಡಾಗಿ ಬಿದ್ದಿತ್ತು.

ಟೇಲರ್ ಅಯ್ಯೂಬ ಕತ್ತರಿ ಕೆಳಗಿಟ್ಟ. “ಟೀಚರೇ ಹೇಳಿದ್ರು.”

“ಯಾಕ?”

ಅವನು ನೆಲ ನೋಡಿದ. “ಅದನ್ನ ಹೇಳಾಕ ಬರಂಗಿಲ್ರಿ.”

ಟೀಚರ್ ತೀರಿಕೊಂಡು ಎರಡು ತಿಂಗಳಾಗಿತ್ತು. ಬರುವ ಭಾನುವಾರ ಅವರ ನೆನಪಿನ ಕಾರ್ಯಕ್ರಮ. ಅವರದೇ ಉಡುಪು ತೊಟ್ಟು ಅವರದೇ ನೃತ್ಯವನ್ನು ನಿಶಾತ ಮಾಡಬೇಕಿತ್ತು.

ಎಂಟು ವರ್ಷಗಳಿಂದ ಅವಳ ಉಡುಪುಗಳನ್ನೂ ಹೊಲಿಯುತ್ತಿದ್ದವನು ಈ ಅಯ್ಯೂಬನೇ. ಅವನೆದುರು ನಿಂತರೆ ಎದೆ ಹೊಡೆದುಕೊಳ್ಳುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ನೋಡಿದರೆ... ಸತ್ತವರ ಉಡುಪಿನ ಜರಿ ಮಾರಿಕೊಳ್ಳುವವನೇ ಇವನು?

“ನಿಮ್ಮನ್ನ ಬ್ಯಾರೇನ ತಿಳಕೊಂಡಿದ್ದೆ.”

ತುಂಡುಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡು ಮುಳಗುಂದದ ಬಸ್ಸು ಹತ್ತಿದಳು. ಅಯ್ಯೂಬ ತಡೆಯಲಿಲ್ಲ.

ಮನೆಯಲ್ಲಿ ಅವಳ ತಾಯಿ ಖೈರುನಬಿ ತುಂಡುಗಳನ್ನು ಮಂಚದ ಮೇಲೆ ಹರವಿ ಜೋಡಿಸತೊಡಗಿದಳು.

“ನಿಶಾತ, ಈ ಎಡಗಾಲಿನ ಬಟ್ಟಿ ಯಾಕ ಇಷ್ಟು ಭಾರ ಐತಿ?”

ಒಳಪದರಿನ ನಡುವೆ, ಮೊಣಕಾಲು ಬರುವ ಜಾಗದಲ್ಲಿ, ಅಂಗೈಯಗಲದ ಚರ್ಮದ ಪಟ್ಟಿಯಿತ್ತು. ಅದರ ಎರಡೂ ಬದಿಗೆ ತೆಳ್ಳನೆಯ ಉಕ್ಕಿನ ಪಟ್ಟಿ. ವರ್ಷಗಟ್ಟಲೆ ಬೆವರು, ನೋವಿನ ಎಣ್ಣೆ ಕುಡಿದು ರೇಷ್ಮೆ ಅಲ್ಲಿ ಕಪ್ಪಾಗಿತ್ತು.

ನಿಶಾತಳಿಗೆ ಟೀಚರ್ ಅವರ ಆ ನಿಲುವು ನೆನಪಾಯಿತು. ಎಡಕ್ಕೆ ತಿರುಗಿ, ಮಂಡಿಯೂರುವ ಮೊದಲು, ಅರೆಗಳಿಗೆ ಹಾಗೇ ನಿಲ್ಲುತ್ತಿದ್ದರು. ಇಡೀ ಸಭೆ ಉಸಿರಾಡುವುದನ್ನೇ ಮರೆಯುತ್ತಿತ್ತು. ಅದನ್ನು ನೋಡಲೆಂದೇ ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಜನ ಬರುತ್ತಿದ್ದರು. ಶಿಷ್ಯೆಯರೆಲ್ಲ ಕಲಿತದ್ದು ಅದನ್ನೇ.

ಮರುದಿನ ಮೊದಲ ಬಸ್ಸಿಗೆ ಚೀಲದ ಸಮೇತ ಗದಗಿಗೆ ಬಂದು ಆ ಪಟ್ಟಿಯನ್ನು ಅಯ್ಯೂಬನ ಮುಂದಿಟ್ಟಳು.

“ಅವರ ಕಾಲಿಗೆ ಏನಾಗಿತ್ರಿ?”

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಅಯ್ಯೂಬ ನಿಧಾನಕ್ಕೆ ಹೇಳಿದ:

“ಗದಗ ಹೊಸ ಜಿಲ್ಲಿ ಆದ ಮರುವರ್ಷ ಮುಂಡರಗಿ ರಸ್ತಾದಾಗ ಬಸ್ ಪಲ್ಟಿ ಆತು. ಮೊಣಕಾಲು ಪುಡಿಪುಡಿ. ಇನ್ನ ಕುಣಿಯೂದು ಮುಗೀತು ಅಂದ್ರು ಡಾಕ್ಟರು. ಆರ ತಿಂಗಳಿಗೆ ಟೀಚರು ನಮ್ಮ ಅಬ್ಬಾನ ಕಡೆ ಬಂದು, ‘ಅಕ್ಬರಸಾಬ, ಈ ಪಟ್ಟಿ ಕಾಣದಂಗ ಹೊಲದು ಕೊಡು’ ಅಂದ್ರಂತ. ಹದಿನಾಲ್ಕು ವರ್ಷ ಕುಣಿದ್ರು.”

“ಅಂದ್ರ... ಆ ನಿಲುವು?”

“ನೋವುರೀ. ಕೆಳಗ ಕುಂಡ್ರೂ ಮುಂದ ಎಲುಬು ಹಿಡಕೊಳ್ಳತಿತ್ತು. ಅದು ಬಿಡೂತನಕ ನಿಲ್ಲತಿದ್ರು. ನಕ್ಕೋತ.”

ನಿಶಾತ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ಎಂಟು ವರ್ಷ ಕಣ್ಣೆದುರಿಗೇ ಇದ್ದವರನ್ನು ತಾನು ನೋಡಿಯೇ ಇರಲಿಲ್ಲವೇ? ಎಂಥ ಜೀವ ಅದು...

“ಯಾರಿಗೂ ಹೇಳಬಾರದು ಅಂತ ಆಣಿ ಮಾಡಿಸಿದ್ರು. ಸಾಯೂ ಮುಂದ ನನ್ನ ಕರೆಸಿ, ಪಟ್ಟಿ ತಗದು, ನಿಶಾತನ ಅಳತಿಗೆ ಹೊಲಿ ಅಂದ್ರು. ‘ಆಕಿಗೆ ಎರಡೂ ಕಾಲು ಗಟ್ಟಿ ಅದಾವ. ನನ್ನ ನೋವು ಆಕಿ ಯಾಕ ಕುಣೀಬೇಕು’ ಅಂದ್ರು.”

“ನಿನ್ನೆ ಅಷ್ಟು ಅಂದೆ. ಒಂದು ಮಾತು ತಿರುಗಿ ಆಡಲಿಲ್ಲಲ್ರಿ ನೀವು.”

“ಅವರಿಗೆ ಮಾತು ಕೊಟ್ಟಿದ್ದೆ. ಆದ್ರ ನೀವು ತಿರುಗಿ ಬರೂದಿಲ್ಲೇನೋ ಅಂತ ರಾತ್ರಿ ನಿದ್ದಿ ಹತ್ತಲಿಲ್ಲ.”

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ಪಟ್ಟಿ ತೆಗೆದು ಅಯ್ಯೂಬ ತನ್ನ ಅಳತೆಗೆ ಹೊಲಿದುಕೊಟ್ಟ ಹಸಿರು ಉಡುಪಿನಲ್ಲಿ ನಿಶಾತ ವೇದಿಕೆಗೆ ಬಂದಳು. ಎಡಕ್ಕೆ ತಿರುಗುವ ಗಳಿಗೆ ಬಂದಾಗ ಎಲ್ಲರೂ ಆ ನಿಲುವಿಗೆ ಕಾದರು. ರೂಢಿಯಂತೆ ನಿಶಾತಳ ಕಾಲೂ ತಡೆಯಲು ನೋಡಿತು. ಅವಳು ಬಿಡಲಿಲ್ಲ. ಹರಿಯುವ ನೀರಿನ ಹಾಗೆ ಕೆಳಗಿಳಿದು, ಮೇಲೆದ್ದಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಮರುಗಳಿಗೆ ಮುಂದಿನ ಸಾಲಿನ ಮುದುಕಿಯೊಬ್ಬಳು ಕೈಮುಗಿದು ಎದ್ದು ನಿಂತಳು.

“ಶೇಖವ್ವ ಹರೇದಾಗ ಹಿಂಗ ಕುಣೀತಿದ್ಲು,” ಎಂದಳು.

ನಿಶಾತ ಎಂದೂ ಕಾಣದ ಟೀಚರ್ ಈಗ ಅವಳ ಮೈಯಲ್ಲಿದ್ದರು.

ನೃತ್ಯ ಮುಗಿಸಿ ಬಂದಾಗ ಪರದೆಯ ಹಿಂದೆ ಅಯ್ಯೂಬ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

“ನಮ್ಮ ಅಮ್ಮೀನ ಕರಕೊಂಡು ನಿಮ್ಮ ಮನಿಗೆ ಬರಲೇನ್ರಿ?” ಎಂದ, ಮೆಲ್ಲಗೆ.

“ಬರ್ರಿ. ಆದ್ರ... ಮದುವಿ ಆದ ಮ್ಯಾಲೂ ನಾ ಕುಣೀತೀನಿ.”

“ನೀವು ನಿಂತ್ರ ನಾ ಯಾರಿಗೆ ಹೊಲೀಲಿ?”

ಅಳುತ್ತಲೇ ನಕ್ಕಳು ನಿಶಾತ. “ಹಂಗಾದ್ರ ಶುಕ್ರವಾರ ಬರ್ರಿ. ಅಬ್ಬಾ ಮನ್ಯಾಗ ಇರ್ತಾರ.”