ಕೆಂಪಿ ಬಿಟ್ಟ ಒಂದು ಸಾಲು

"ಹುಶ್! ಹೋಗೇ ಹಾಳಾದ್ದೇ!" ಅಜ್ಜಿ ಸೌಟು ಬೀಸಿದರು.

ಕಾಗೆ ಕದಲಲಿಲ್ಲ. ಅಡುಗೆಮನೆಯ ತೊಲೆಯ ಮೇಲೆ ಕೂತು, ಕತ್ತು ಓರೆ ಮಾಡಿ, ಕೆಂಪಿಯ ತಟ್ಟೆಯ ಮುದ್ದೆಯನ್ನೇ ನೋಡುತ್ತಿತ್ತು.

ಅಡುಗೆಮನೆಯೊಳಗೆ ಕಾಗೆ ಹೇಗೆ ಬಂತು ಅಂತೀರಾ? ಮೇಲೆ ಹೆಂಚೇ ಇರಲಿಲ್ಲ! ಹಳೇ ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಲು ಮೇಸ್ತ್ರಿ ನಾರಾಯಣಪ್ಪ ಒಪ್ಪಿಕೊಂಡಿದ್ದರು. ಹಳೇದನ್ನು ಇಳಿಸಿದ್ದೇನೋ ಆಯಿತು. ಆಮೇಲೆ ಆರು ದಿನದಿಂದ ಅವರ ಪತ್ತೆಯೇ ಇಲ್ಲ. ಹೊಸ ಹೆಂಚುಗಳು ಅಂಗಳದಲ್ಲಿ ಸುಮ್ಮನೆ ಬಿದ್ದಿದ್ದವು.

"ರಾಜಾಜಿನಗರದಲ್ಲಿ ಸಾಲಾಗಿ ಮನೆ ಕಟ್ತಾವ್ರಂತೆ. ಅಲ್ಲಿಗೆ ಹೋಗವ್ನೆ ಮಾರಾಯ" ಎಂದರು ಅಜ್ಜಿ. "ಭಾನುವಾರ ನಿಮ್ಮವ್ವ ಕೂಸು ಎತ್ಕೊಂಡು ಬತ್ತಾಳೆ. ಎಲ್ಲಿ ಮಲಗಿಸೋದು? ಈ ಕಾಗೆ ಪಕ್ಕದಲ್ಲಾ?"

ಬೇರೆ ದಿನವಾಗಿದ್ದರೆ ಕೆಂಪಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ತಮ್ಮ ಹುಟ್ಟಿ ಮೂರು ತಿಂಗಳಾಗಿತ್ತು. ಅವನ ಮುಖವನ್ನು ಅವಳಿನ್ನೂ ನೋಡಿರಲಿಲ್ಲ. ಸೂರಿಲ್ಲದ ಮನೆಗೆ ಮಗು ಕಳಿಸುವುದಿಲ್ಲ ಎಂದು ಅವ್ವನ ತವರಿನಲ್ಲಿ ತಾತ ಹೇಳಿಬಿಟ್ಟರೆ?

ಸಂಜೆ ರೈಲಿಳಿದು ಬಂದ ಅಪ್ಪ ಚಿಕ್ಕಣ್ಣ ಮಾತ್ರ ಧೈರ್ಯವಾಗಿದ್ದ. ಅವನು ಬೆಂಗಳೂರಿನ ಮಿಲ್ಲಿನಲ್ಲಿ ಕೂಲಿ.

"ಗಾಬರಿ ಯಾಕವ್ವಾ? ಚೀಟಿ ಇಲ್ವಾ? ಭರಣಿ ಮಳೆ ಹುಟ್ಟೋದ್ರೊಳಗೆ ಮುಗಿಸ್ಬೇಕು ಅಂತ ಬರೆಸಿವ್ನಿ. ಕೆಂಪಿ, ಚೀಟಿ ತಂದು ಓದು ಮಗಳೇ."

ಕೆಂಪಿ ನಿಧಾನವಾಗಿ ಎದ್ದು ಚೀಟಿ ತಂದಳು.

ಚೀಟಿ ಬರೆದವಳು ಅವಳೇ. ಅವತ್ತು ಮೇಸ್ತ್ರಿಗೆ ವೀಳ್ಯ ಕೊಟ್ಟಾಗ ಅಜ್ಜಿ, "ವೀಳ್ಯ ಹಿಡಿದ ಮೇಲೆ ಮಾತು ಮಾತೇ. ಬರೆಯೋದು ಯಾಕೆ?" ಅಂದಿದ್ದರು. ಅಪ್ಪ ಬಿಡಲಿಲ್ಲ. "ನನ್ ಮಗಳು ನಾಲ್ಕನೇ ಕ್ಲಾಸು. ಬರೀಲಿ" ಎಂದು ಹಿಗ್ಗಿನಿಂದ ಹೇಳಿದ್ದ. ಕೆಂಪಿ ಶಾನುಭೋಗರ ಹಾಗೆ ಬೀಗಿಕೊಂಡು, ಕಾಲು ಮಡಿಸಿ ಕೂತು, ಯಾವ ಹೆಂಚು, ಯಾವ ಮರ, ಒಡೆದ ಹೆಂಚು ಸಾಗಿಸೋರು ಯಾರು, ಎಲ್ಲ ಬರೆದಳು. ಎರಡು ಪ್ರತಿ. ಮೇಸ್ತ್ರಿಗೊಂದು, ಅಪ್ಪನಿಗೊಂದು. ಇಬ್ಬರೂ ಹೆಬ್ಬೆಟ್ಟು ಒತ್ತಿದರು.

ಆದರೆ ಭರಣಿ ಮಳೆಯ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತ್ತು. ಸ್ಕೂಲಿನಲ್ಲಿ ತಾರೀಖು ಹಾಕಿ ಬರೆಯಬೇಕೆಂದು ಹೇಳಿಕೊಟ್ಟಿದ್ದರು. ಭರಣಿ ಮಳೆ ಹುಟ್ಟುವ ತಾರೀಖು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಹೊಗಳಿಸಿಕೊಂಡ ಮೇಲೆ ಕೇಳುವುದು ಹೇಗೆ? ಆಮೇಲೆ ಬರೆದರಾಯಿತು ಎಂದು ಬಿಟ್ಟಳು. ಆಮೇಲೆ ಮರೆತಳು.

ಈಗ ಅಪ್ಪ, ಅಜ್ಜಿ ಇಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು. ಇಬ್ಬರಿಗೂ ಓದಲು ಬಾರದು.

ಕೆಂಪಿ ಓದಿದಳು. ಕೊನೆಗೆ, ಚೀಟಿಯಲ್ಲಿ ಇಲ್ಲದ ಸಾಲನ್ನೂ ಓದಿಬಿಟ್ಟಳು. "ಭರಣಿ ಮಳೆ ಹುಟ್ಟುವುದರೊಳಗೆ ಮುಗಿಸತಕ್ಕದ್ದು."

"ನೋಡವ್ವಾ!" ಎಂದ ಅಪ್ಪ. ಕೆಂಪಿ ಚೀಟಿ ಮಡಿಸಿ ಬೇಗ ಒಳಗಿಟ್ಟಳು.

ಮಾರನೆಯ ಬೆಳಿಗ್ಗೆ ಅಪ್ಪ ಮಿಲ್ಲಿಗೆ ಅರ್ಧ ದಿನ ರಜ ಹಾಕಿ, ಕೆಂಪಿಯನ್ನೂ ಕರೆದುಕೊಂಡು ಮೇಸ್ತ್ರಿ ಮನೆಗೆ ಹೋದ. ಮೇಸ್ತ್ರಿ ಆಗಲೇ ರಾಜಾಜಿನಗರಕ್ಕೆ ಹೊರಟು ನಿಂತಿದ್ದರು.

"ಏನ್ ಮೇಸ್ತ್ರಿ, ಮನೆ ಬಿಚ್ಚಿ ಹಾಕಿ ಹೋಗೋದು ನ್ಯಾಯವಾ? ಚೀಟೀಲಿ ದಿನ ಇಲ್ವಾ?"

"ಇದೆಯಾ?" ಮೇಸ್ತ್ರಿ ಒಳಗಿನಿಂದ ತಮ್ಮ ಚೀಟಿ ತಂದು ಕೆಂಪಿಗೆ ಕೊಟ್ಟರು. "ಬರೆದೋಳು ನೀನೇ. ಓದವ್ವ. ನೀನು ಇದೆ ಅಂದ್ರೆ ಇದೆ."

ಕೆಂಪಿ ಚೀಟಿ ಬಿಡಿಸಿದಳು. ಇನ್ನೊಂದು ಸಲ ಸುಳ್ಳು ಓದಿದರೆ ಹೆಂಚು ಬರುತ್ತದೆ. ತಮ್ಮ ಬರುತ್ತಾನೆ. ಒಂದೇ ಒಂದು ಸಾಲು!

"ಇಲ್ಲ ಮಾವ" ಎಂದಳು ಕೆಂಪಿ. "ಇದರಲ್ಲಿ ದಿನ ಇಲ್ಲ. ಭರಣಿ ಮಳೆ ಅಂತ ಅಪ್ಪ ಹೇಳಿದ್ರು. ನಂಗೆ ತಾರೀಖು ಗೊತ್ತಿರಲಿಲ್ಲ, ಬಿಟ್ಟುಬಿಟ್ಟೆ. ನಿನ್ನೆ ಅಪ್ಪಂಗೂ ಸುಳ್ಳು ಓದಿದೆ." ಅಷ್ಟು ಹೇಳುವುದರೊಳಗೆ ಅಳು ನುಗ್ಗಿ ಬಂತು.

ಮೇಸ್ತ್ರಿ ಜಗಲಿಯ ಮೇಲೆ ಕೂತುಬಿಟ್ಟರು.

"ದಿನ ಇಲ್ಲ ಅಂತ ನಂಗೊತ್ತಿತ್ತು ಕಣವ್ವ. ರಾಜಾಜಿನಗರದ ಕಂಟ್ರಾಕ್ಟರ್ ಹತ್ರ ಓದಿಸ್ದೆ. 'ನಿನ್ ಚೀಟೀಲಿ ದಿನಾನೇ ಇಲ್ಲ. ನಮ್ ಕಾಗದದಲ್ಲಿ ಐತೆ, ಮೊದಲು ನಮ್ದು ಮುಗಿಸು' ಅಂದ. ನಂಗೂ ಅದೇ ಬೇಕಾಗಿತ್ತು, ಹೊರಟುಬಿಟ್ಟೆ." ಅವರು ತಲೆ ಕೆರೆದುಕೊಂಡರು. "ನೀನು ಇದೆ ಅಂದಿದ್ರೆ, ಇವ್ರೇ ಮೋಸ ಮಾಡ್ತಾವ್ರೆ ಅಂದ್ಕೊಂಡು ನೆಮ್ಮದಿಯಾಗಿ ಹೋಗ್ತಿದ್ದೆ. ಈಗ ಹೆಂಗೆ ಹೋಗ್ಲಿ? ನಿಮ್ಮಪ್ಪ ಭರಣಿ ಮಳೆ ಅಂದಿದ್ದು ಕೇಳಿಸ್ಕೊಂಡೇ ವೀಳ್ಯ ತಗೊಂಡಿದ್ದೆ. ಚಿಕ್ಕಣ್ಣ, ನಡಿ. ಶನಿವಾರ ಸಂಜೆಗೆ ಹೆಂಚು ಹೊದಿಸ್ತೀನಿ."

"ಬರೆಸ್ಕೊಡ್ತೀರಾ ಮೇಸ್ತ್ರಿ?" ಎಂದ ಅಪ್ಪ.

"ಬರೀಲಿ, ಅದಕ್ಕೇನು."

ಇಬ್ಬರೂ ತಮ್ಮ ತಮ್ಮ ಚೀಟಿಗಳನ್ನು ಕೆಂಪಿಯ ಮುಂದಿಟ್ಟರು. ಬರೆಯಲು ಬೇರೆ ಯಾರನ್ನಾದರೂ ಕರೆಯುತ್ತಾರೆ ಅಂದುಕೊಂಡಿದ್ದ ಕೆಂಪಿ ಪಿಳಿಪಿಳಿ ಕಣ್ಣು ಬಿಟ್ಟಳು. ಪಕ್ಕದ ಮನೆಯ ಹುಡುಗನಿಂದ ಪೆನ್ನು, ಶಾಯಿ ಬಂತು.

"ಶನಿವಾರ ಯಾವ ತಾರೀಖು ಮಾವ?" ಈ ಸಲ ಕೇಳಲು ನಾಚಿಕೆಯಾಗಲಿಲ್ಲ. ಮೇಸ್ತ್ರಿಗೂ ಗೊತ್ತಿರಲಿಲ್ಲ! ಆ ಹುಡುಗ ಮತ್ತೆ ಓಡಿಹೋಗಿ ಕ್ಯಾಲೆಂಡರ್ ನೋಡಿಕೊಂಡು ಬಂದ. 'ಏಪ್ರಿಲ್ 23ನೇ ತಾರೀಖು ಶನಿವಾರ ಸಂಜೆ, ಭರಣಿ ಮಳೆ ಹುಟ್ಟುವ ಮೊದಲು' ಎಂದು ಕೆಂಪಿ ಎರಡರಲ್ಲೂ ಬರೆದಳು. ಒಂದೊಂದು ಪದಕ್ಕೂ ಬೆರಳಿಟ್ಟು, ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳಿದಳು. ಇಬ್ಬರೂ ಆ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದರು.

ಮೇಸ್ತ್ರಿ ಕರಣೆ, ಹಗ್ಗ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ಅವರ ಬೆನ್ನು ನೋಡಿ ಕೆಂಪಿಗೆ ಓಡಿಹೋಗಿ ಕಾಲಿಗೆ ಬೀಳೋಣ ಅನ್ನಿಸಿತು. ಆದರೆ ಪಕ್ಕದಲ್ಲಿ ಅಪ್ಪ ಮಾತಿಲ್ಲದೆ ನಡೆಯುತ್ತಿದ್ದ. ಬೈದುಬಿಟ್ಟರೆ ಎಷ್ಟೋ ಚೆನ್ನಾಗಿತ್ತು.

"ನಿನ್ನೆ ಯಾಕೆ ಹಂಗೆ ಓದ್ದೆ?" ಎಂದು ಕೊನೆಗೆ ಕೇಳಿದ.

"ಭಯ ಆಯ್ತಪ್ಪ."

ಅಪ್ಪ ತನ್ನ ಹೆಬ್ಬೆರಳು ನೋಡಿಕೊಂಡ.

"ನಂಗೂ ಆಯ್ತದೆ ಕಣವ್ವ. ಮಿಲ್ಲಲ್ಲಿ ಕಾಗದ ಮುಂದಕ್ಕೆ ತಳ್ತಾರೆ, ಒತ್ತು ಅಂತಾರೆ. ಒಳಗೇನು ಬರ್ದವ್ರೋ ಏನೋ! ಒತ್ತೋವಾಗೆಲ್ಲ ಕೈ ನಡುಗ್ತದೆ. ಇವತ್ತೇ ಕಣವ್ವ ನಡುಗದೆ ಒತ್ತಿದ್ದು."

ಕೆಂಪಿ ಶಾಯಿ ಹತ್ತಿದ್ದ ಅಪ್ಪನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಯ ಕಡೆಗೆ ನಡೆದಳು.