ಪಾಠ ಒಂದು, ಪಾಠ ಎರಡು

"ರೀ ಮೇಡಂ, ಸ್ವಲ್ಪ ಈ ಕಡೆ ತಿರುಗ್ರಿ... ಹಾಂ, ಹಂಗೇ ಸ್ವಲ್ಪ ನಗ್ರಿ!"

ಕಪ್ಪು ಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆಯುತ್ತಿದ್ದ ಪ್ರೇಮಮ್ಮನ ಕೈ ಅಲ್ಲೇ ನಿಂತಿತು. ತರಗತಿಯ ಬಾಗಿಲಲ್ಲಿ ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತ ಎತ್ತರದ ಗಂಡಸೊಬ್ಬ ನಿಂತಿದ್ದ. ಹಿಂದಿನ ಬೆಂಚುಗಳಿಂದ ಕಿಸಿಕಿಸಿ ನಗು ಕೇಳಿಸಿತು.

"ಯಾರ ಮದುವೆಗೆ ಬಂದೀರಿ?" ಪ್ರೇಮಮ್ಮ ಕೇಳಿದಳು. "ಕಲ್ಯಾಣಮಂಟಪ ಬಸ್‌ಸ್ಟ್ಯಾಂಡ್ ಹತ್ರ ಐತೆ. ಇದು ಕಾಲೇಜು."

ಅವಳದೂ ತಪ್ಪಲ್ಲ ಬಿಡಿ. ಅದು ಎಂಬತ್ತೇಳನೇ ಇಸವಿ. ಆಗ ಚನ್ನಗಿರಿಯಲ್ಲಿ ವಿಡಿಯೊ ಅಂದರೆ ಮದುವೆಮನೆ, ಮದುವೆಮನೆ ಅಂದರೆ ವಿಡಿಯೊ. ಅದನ್ನು ಹೊತ್ತವನು ನಗ್ರಿ ಅಂತ ಬೇರೆ ಹೇಳಿದರೆ ಯಾರಾದರೂ ಏನಂದುಕೊಳ್ಳಬೇಕು?

ಅವನ ಮುಖ ಕೆಂಪಾಯಿತು. "ಮದುವೆಗಲ್ರೀ, ಪಾಠಕ್ಕೆ ಬಂದೀನಿ. ನಾನು ಹಾಲೇಶಪ್ಪ. ಹೊನ್ನಾಳಿ ಕಡೆ ಕಾಲೇಜಲ್ಲಿ ಫಿಸಿಕ್ಸ್ ಲೆಕ್ಚರರ್. ಪ್ರಿನ್ಸಿಪಾಲ್ರು ಹೇಳಿಲ್ವಾ?"

ಹೇಳಿದ್ದರು. ಪ್ರಿನ್ಸಿಪಾಲ್ ಮಲ್ಲಿಕಾರ್ಜುನಪ್ಪನವರು ಹೋದ ವಾರವೇ ನೋಟೀಸು ಕಳಿಸಿದ್ದರು. ಪ್ರೇಮಮ್ಮ ಓದಿ ಸಹಿ ಹಾಕಿದ್ದಳು. ಆದರೆ ಈಚೆಗೆ ಅವಳು ಓದಿದ್ದು ಕಣ್ಣಿಗೆ ಮಾತ್ರ ಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

"ಪ್ರೈಮರಿ ಮೇಷ್ಟ್ರಿಗೆ ಟ್ರೇನಿಂಗ್ ಐತೆ, ಹೈಸ್ಕೂಲಿನವರಿಗೂ ಐತೆ," ಹಾಲೇಶಪ್ಪ ವಿವರಿಸಿದ. "ಕಾಲೇಜಿನೋರಿಗೆ ಮಾತ್ರ ಏನೂ ಇಲ್ಲ. ಡಿಗ್ರಿ ಬಂತಾ, ಹೋಗಿ ಪಾಠ ಮಾಡು ಅಂತಾರೆ. ಅದಕ್ಕೇ ಪಾಠ ಹೆಂಗೆ ಮಾಡಬೇಕು ಅಂತ ವಿಡಿಯೊ ಕ್ಯಾಸೆಟ್ ಮಾಡ್ತಿದೀವಿ. ನಾಲ್ಕು ಊರಿನ ಲೆಕ್ಚರರ್‌ಗಳಿಗೆ ತೋರಿಸೋದು."

"ನಗೋದು ಪಾಠದಲ್ಲಿ ಬರಲ್ಲ," ಎಂದಳು ಪ್ರೇಮಮ್ಮ. "ಬೇಕಾದ್ರೆ ಹಂಗೇ ತಗೊಳ್ರಿ."

ಮತ್ತೆ ಹಲಗೆಯ ಕಡೆ ತಿರುಗಿದಳು.

ಹೆಸರು ಪ್ರೇಮಮ್ಮ! ಇಪ್ಪತ್ತೊಂಬತ್ತು ವರ್ಷ, ಸಸ್ಯಶಾಸ್ತ್ರದ ಲೆಕ್ಚರರ್. ಹುಡುಗರು ಬೆನ್ನ ಹಿಂದೆ ಅವಳಿಗೆ ಇಟ್ಟಿದ್ದ ಹೆಸರು 'ಈರುಳ್ಳಿ ಸುಲಿದರೂ ಅಳದ ಮೇಡಂ.' ಅದು ಅವಳಿಗೂ ಗೊತ್ತಿತ್ತು. ಸಿಟ್ಟು ಬರಬೇಕಿತ್ತು... ಬಂದಿರಲಿಲ್ಲ.

ಎರಡು ವರ್ಷದಿಂದ ಹೀಗೆಯೇ. ತ್ಯಾವಣಿಗೆಯ ಮನೆಯಲ್ಲಿ ಅವ್ವ ಕರಿಬಸಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದಳು. ಉಪ್ಪು ಹೆಚ್ಚಾಗಿದೆಯಾ ಎಂದರೆ ಗೊತ್ತಾಗುತ್ತಿರಲಿಲ್ಲ. ಬೆಳಗಿನ ಬಸ್ಸು ಹತ್ತುತ್ತಿದ್ದಳು, ಸಂಜೆಯದಕ್ಕೆ ವಾಪಸು. ಗಂಡು ನೋಡಲು ಬಂದರೆ ಕೂರುತ್ತಿದ್ದಳು, ಹೋದರೆ ಏಳುತ್ತಿದ್ದಳು. ಸಂತೋಷವೂ ಇಲ್ಲ, ದುಃಖವೂ ಇಲ್ಲ. ಪಾಠವೊಂದೇ ಉಳಿದಿತ್ತು. ಹಲಗೆಯ ಮುಂದೆ ನಿಂತಾಗ ಮಾತ್ರ ತಾನು ಇದ್ದೇನೆ ಅನ್ನಿಸುತ್ತಿತ್ತು.

ಮೂರು ದಿನ ಶೂಟಿಂಗ್ ನಡೆಯಿತು. ಮೂರನೇ ದಿನ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಹಾಲೇಶಪ್ಪ ವೈರು ಸುತ್ತುತ್ತಾ ಕೇಳಿದ.

"ಒಂದು ಮಾತು ಕೇಳ್ಲಾ ಮೇಡಂ? ನೀವು ಕೈಗಡಿಯಾರ ನೋಡೋದೇ ಇಲ್ಲ. ಆದ್ರೂ ಪಾಠ ಸರಿಯಾಗಿ ಗಂಟೆಗೇ ಮುಗೀತದೆ. ಹೆಂಗೆ?"

ಅದೇನಾಯಿತೋ! ಎರಡು ವರ್ಷ ಯಾರ ಹತ್ತಿರವೂ ಆಡದ ಮಾತು ಬಾಯಿಂದ ಹೊರಬಂತು.

"ಗಂಟೆ ಮುಗಿಸೋದೊಂದು ನನಗೆ ಚೆನ್ನಾಗಿ ಬರ್ತದೆ ಸರ್. ನಮ್ಮಪ್ಪ ಹನುಮಂತಪ್ಪ ಮೇಷ್ಟ್ರು ತೀರಿಹೋದ ದಿನ ಕ್ಲಾಸಿಗೇ ಚೀಟಿ ಬಂತು. ಓದಿದೆ. ಮಡಿಸಿ ಪುಸ್ತಕದಲ್ಲಿಟ್ಟೆ. ಇನ್ನೂ ಇಪ್ಪತ್ತು ನಿಮಿಷ ಇತ್ತು... ಪಾಠ ಮಾಡಿದೆ. ಗಂಟೆ ಹೊಡೆದ ಮೇಲೆ ಬಸ್‌ಸ್ಟ್ಯಾಂಡಿಗೆ ಹೋದೆ. ಯಾಕೆ ಹಂಗೆ ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಅವತ್ತಿಂದ ಅಳು ಬಂದಿಲ್ಲ."

ಇಷ್ಟನ್ನೂ ಅವಳು ಬಸ್ಸಿನ ಹೊತ್ತು ಹೇಳಿದಷ್ಟೇ ತಣ್ಣಗೆ ಹೇಳಿದಳು.

ಹಾಲೇಶಪ್ಪ ಸಮಾಧಾನ ಹೇಳಲಿಲ್ಲ. ವೈರು ಕೆಳಗಿಟ್ಟು ಕೇಳಿದ.

"ಅವತ್ತು ಏನು ಪಾಠ ಮಾಡ್ತಿದ್ರಿ?"

"ಬೇರು. ಬೇರಿನ ತುದಿ."

"ಹೂಂ," ಎಂದ ಅಷ್ಟೇ.

ಅಷ್ಟಕ್ಕೇ ಪ್ರೇಮಮ್ಮನಿಗೆ ಅವನು ಬೇಕಾದವನು ಅನ್ನಿಸಿಬಿಟ್ಟಿತು. ಹಾಗನ್ನಿಸಿದ್ದು ಅವಳಿಗೇ ತಿಳಿಯಲು ಎರಡು ವಾರ ಹಿಡಿಯಿತು. ಒಂದು ಸಂಜೆ ಬಸ್ಸಿನಲ್ಲಿ ಕೂತವಳು, ತಾನು ಇವತ್ತೂ ಅಂಚೆಯವನ ದಾರಿ ನೋಡಿದೆ ಎಂದು ಗಮನಿಸಿದಳು.

ಕೊನೆಗೆ ಕಾಗದ ಬಂತು. 'ನಿಮ್ಮ ಪಾಠ ಕ್ಯಾಸೆಟ್ಟಿನಲ್ಲಿ ಸೇರಿದೆ. ಶನಿವಾರ ಹೊನ್ನಾಳಿಯಲ್ಲಿ ತೋರಿಸುತ್ತೇವೆ. ದಯವಿಟ್ಟು ಬನ್ನಿ. ನಿಮ್ಮ ಹತ್ತಿರ ಒಂದು ಮಾತು ಆಡುವುದಿದೆ. ಹಾಲೇಶಪ್ಪ.'

ಅವಳು ಅದನ್ನು ನಾಲ್ಕು ಸಲ ಓದಿದಳು. ಒಂದು ಮಾತು... ಏನಿರಬಹುದು?

* * *

ಹೊನ್ನಾಳಿಯ ಆ ಹಾಲ್‌ನಲ್ಲಿ ನಲವತ್ತು ಜನ ಲೆಕ್ಚರರ್‌ಗಳು. ಮುಂದೆ ಮೇಜಿನ ಮೇಲೆ ಕಲರ್ ಟಿವಿ, ಕೆಳಗೆ ವಿಸಿಆರ್. ಪ್ರೇಮಮ್ಮ ಸುತ್ತಲೂ ನೋಡಿದಳು. ಅವನೊಬ್ಬನೇ ಇಲ್ಲ!

"ಹಾಲೇಶಪ್ಪೋರಿಗೆ ಜಗಳೂರಲ್ಲಿ ಕೆಲಸ ಬಿತ್ತಂತೆ," ಎಂದಳು ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಶಂಕರಮ್ಮ. "ಕ್ಯಾಸೆಟ್ಟು ನಿನ್ನೆ ನ್ಯಾಮತಿಯಿಂದ ಬಂತು. ಅದರ ಜೊತೆ ಓದಾಕೆ ಅವರೇ ಬರೆದ ಪುಸ್ತಿಕೆ ಐತೆ. ಶುರು ಮಾಡೋಣ್ವಾ?"

ಕ್ಯಾಸೆಟ್ಟು ತಳ್ಳಿ ಗುಂಡಿ ಒತ್ತಿದಳು.

ಪರದೆಯ ಮೇಲೆ ಬಂದದ್ದು ಪ್ರೇಮಮ್ಮ. ನೀಲಿ ಸೀರೆ, ಕೈಯಲ್ಲಿ ಈರುಳ್ಳಿ ಪೊರೆ, ಮುಂದೆ ಮೈಕ್ರೋಸ್ಕೋಪು. ಕತ್ತಲಲ್ಲಿ ಅವಳು ತಲೆ ತಗ್ಗಿಸಿದಳು. ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಪೂರ್ತಿ ನೋಡಲು ಆಗಲೇ ಇಲ್ಲ.

ಪಾಠ ಮುಗಿಯಿತು. ಶಂಕರಮ್ಮ ಯಂತ್ರ ನಿಲ್ಲಿಸಿ, ಪುಸ್ತಿಕೆ ತೆರೆದು ಗಟ್ಟಿಯಾಗಿ ಓದಿದಳು.

"ಪಾಠ ಒಂದು. ಪಾಠ ಹೇಗೆ ಮಾಡಬಾರದು ಎಂಬುದಕ್ಕೆ ಇದು ಉದಾಹರಣೆ. ಅಧ್ಯಾಪಕರ ಮುಖದಲ್ಲಿ ಜೀವವಿಲ್ಲ. ದನಿಯಲ್ಲಿ ಏರಿಳಿತವಿಲ್ಲ. ಎದುರಿಗೆ ಏನೇ ಆಗಲಿ, ಗಂಟೆ ಮುಗಿಸುವುದಷ್ಟೇ ಅವರ ಕೆಲಸ..."

ಪ್ರೇಮಮ್ಮ ತಗ್ಗಿಸಿದ್ದ ತಲೆ ಎತ್ತಿದಳು.

ಗಂಟೆ ಮುಗಿಸುವುದಷ್ಟೇ! ಆ ಮಾತು ಅವಳದು. ಅವನೊಬ್ಬನಿಗೇ ಹೇಳಿದ್ದು. ಅದನ್ನು ಅಚ್ಚು ಹಾಕಿಸಿ ನಾಲ್ಕು ಊರಿಗೆ ಹಂಚಿದ್ದಾನೆ...

"ಬರೆದಿರೋದು ಸರಿ ಐತೆ ನೋಡ್ರಿ," ಹಿಂದಿನಿಂದ ಜಗಳೂರಿನ ಮರುಳಪ್ಪ ಲೆಕ್ಚರರ್ ಅಂದರು. "ಮುಖ ನೋಡಿದ್ರೇ ಗೊತ್ತಾಗ್ತದೆ."

ನಮ್ಮ ಜನ ಎಂಥವರೆಂದರೆ, ಕಣ್ಣಾರೆ ಕಂಡಿದ್ದಕ್ಕಿಂತ ಅಚ್ಚಾದದ್ದನ್ನೇ ಹೆಚ್ಚು ನಂಬುವವರು. ಎಲ್ಲರೂ ಹೌದು ಹೌದು ಎಂದರು. ಅಲ್ಲ ಎನ್ನಬೇಕಾದವಳು ಒಬ್ಬಳಿದ್ದಳು. ಅವಳೂ ಮನಸ್ಸಿನಲ್ಲಿ ಹೌದು ಎಂದೇ ಅಂದಳು.

*ಸುಳ್ಳೇನಿದೆ ಇದರಲ್ಲಿ? ನನ್ನ ಮುಖದಲ್ಲಿ ಜೀವ ಎಲ್ಲಿದೆ? ಅವನಿಗೂ ಕಂಡಿದೆ, ಅಷ್ಟೇ.*

ಚರ್ಚೆ ನಡೆಯುತ್ತಿರುವಾಗಲೇ ಎದ್ದು ಬಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನೋವಾಗಲಿಲ್ಲ. ನೋವಾಗಿದ್ದರೆ ಚೆನ್ನಾಗಿತ್ತು.

ಸೋಮವಾರ ಮಲ್ಲಿಕಾರ್ಜುನಪ್ಪನವರ ಮೇಜಿನ ಮೇಲೆ ಒಂದು ಅರ್ಜಿ ಇತ್ತು. 'ನನಗೆ ತರಗತಿಗಳು ಬೇಡ. ಖಾಲಿ ಇರುವ ಗ್ರಂಥಾಲಯದ ಕೆಲಸ ಕೊಡಬೇಕಾಗಿ ವಿನಂತಿ.'

"ಇದೇನ್ರೀ ಪ್ರೇಮಮ್ಮ! ಬಾಟನಿ ಯಾರು ಮಾಡಬೇಕು?"

"ಯಾರಾದ್ರೂ ಮಾಡ್ತಾರೆ ಸರ್. ನನಗೆ ಬರಲ್ಲ."

"ಯಾರ್ ಹೇಳಿದ್ರು?"

"ಪುಸ್ತಕದಲ್ಲೇ ಐತೆ."

ಅವರು ಅವಳ ಮುಖವನ್ನೇ ನೋಡಿದರು. "ಶುಕ್ರವಾರದವರೆಗೆ ಕ್ಲಾಸ್ ತಗೊಳ್ರಿ. ಶನಿವಾರ ಸಹಿ ಹಾಕ್ತೀನಿ," ಎಂದರು.

ಅವತ್ತೇ ಜಗಳೂರು ಕಾಲೇಜಿನ ವಿಳಾಸಕ್ಕೆ ಹಾಲೇಶಪ್ಪನಿಗೆ ಒಂದು ಕಾರ್ಡು ಬರೆದಳು. 'ಮುಖದಲ್ಲಿ ಜೀವವಿಲ್ಲ ಎಂದು ನೀವು ಬರೆದದ್ದು ನಿಜ. ನಾನು ಪಾಠ ಬಿಡುತ್ತಿದ್ದೇನೆ. ಇನ್ನು ಮಾತಾಡುವುದೇನೂ ಇಲ್ಲ.'

ಮಂಗಳವಾರ, ಬುಧವಾರ, ಗುರುವಾರ... ಕಾಂಡ ಮುಗಿಸಿದಳು, ಎಲೆ ಶುರುಮಾಡಿದಳು. ಇನ್ನೆರಡು ದಿನ, ಇನ್ನೊಂದು ದಿನ ಎಂದು ಎಣಿಸಲೂ ಇಲ್ಲ. ಉಳಿದಿದ್ದ ಪಾಠವೊಂದೂ ಕೈಬಿಟ್ಟು ಹೋಗುತ್ತಿತ್ತು, ಹಿಡಿದುಕೊಳ್ಳಬೇಕು ಅಂತಲೂ ಅನ್ನಿಸುತ್ತಿರಲಿಲ್ಲ.

* * *

ಶುಕ್ರವಾರ ಹನ್ನೊಂದು ಗಂಟೆಗೆ ಸ್ಟಾಫ್‌ರೂಮಿನ ಬಾಗಿಲಲ್ಲಿ ಹಾಲೇಶಪ್ಪ ನಿಂತಿದ್ದ. ಅಂಗಿ ತುಂಬ ಧೂಳು. ಜಗಳೂರಿನಿಂದ ಎರಡು ಬಸ್ಸು ಬದಲಾಯಿಸಿ, ವಿಸಿಆರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

"ಮೇಡಂ, ಹತ್ತು ನಿಮಿಷ ಕೊಡ್ರಿ."

"ಮಾತಾಡೋದೇನೂ ಇಲ್ಲ ಅಂತ ಬರೆದಿದ್ದೆ."

"ನಾನು ಮಾತಾಡಲ್ಲ! ನೀವು ನೋಡ್ರಿ ಸಾಕು. ಆಮೇಲೆ ಹೋಗು ಅಂದ್ರೆ ಹೋಗ್ತೀನಿ."

ಪ್ರಯೋಗಾಲಯದ ಕಿಟಕಿ ಮುಚ್ಚಿದ. ಕಾಲೇಜಿನ ಟಿವಿಗೆ ವೈರು ಜೋಡಿಸಿದ. ಹೊನ್ನಾಳಿಯಿಂದ ತರಿಸಿಕೊಂಡಿದ್ದ ಕ್ಯಾಸೆಟ್ಟು ಒಳಗೆ ತಳ್ಳಿ ರಿವೈಂಡ್ ಗುಂಡಿ ಒತ್ತಿದ. ಯಂತ್ರ ಗರಗರ ಎಂದಿತು... ನಿಲ್ಲಲೇ ಇಲ್ಲ.

"ಕೇಳಿಸ್ತಾ ಮೇಡಂ? ಎಷ್ಟು ಟೇಪು ಐತೆ ಹಿಂದೆ! ನ್ಯಾಮತಿಯಲ್ಲಿ ಮೊದಲ ಪಾಠ ಮುಗೀತಿದ್ದಂಗೇ ಕರೆಂಟ್ ಹೋಯ್ತು. ಕ್ಯಾಸೆಟ್ಟು ಹಿಂದಕ್ಕೆ ಸುತ್ತದೇನೇ ಹೊನ್ನಾಳಿಗೆ ಕಳಿಸಿದ್ರು. ಅಲ್ಲಿ ಎರಡನೇದೇ ಮೊದಲು ಬಂತು, ಅದಕ್ಕೆ ಪಾಠ ಒಂದರ ಮಾತು ಓದಿದ್ರು."

ಟಿವಿಯಲ್ಲಿ ಚಿತ್ರ ಮೂಡಿತು.

ಒಬ್ಬ ಗಂಡಸು ಹುಡುಗರಿಗೆ ಬೆನ್ನು ಹಾಕಿ ಹಲಗೆಯ ಜೊತೆ ಮಾತಾಡುತ್ತಿದ್ದ. ಕೈಯಲ್ಲಿ ಹಳೇ ನೋಟ್ಸು. ಒಬ್ಬ ಹುಡುಗ ಕೈ ಎತ್ತಿದ, ಇವನು ನೋಡಲಿಲ್ಲ. ಇನ್ನೊಬ್ಬ ನಿದ್ದೆಯಲ್ಲಿ ಬೆಂಚಿನಿಂದ ಜಾರಿದ, ಅದನ್ನೂ ನೋಡಲಿಲ್ಲ. ತಿರುಗಿದಾಗ ಮುಖ ಕಂಡಿತು. ಸುಣ್ಣ ಬಳಿದ ಗೋಡೆಯಂಥ ಮುಖ.

ಹಾಲೇಶಪ್ಪ!

"ನೀವಾ?" ಪ್ರೇಮಮ್ಮನ ದನಿ ಏರಿತು.

"ನಾನೇ. ಕೆಟ್ಟ ಪಾಠಕ್ಕೆ ಯಾರೂ ಒಪ್ಪಲಿಲ್ಲ. ನಾನೇ ನಟನೆ ಮಾಡ್ತೀನಿ ಅಂದೆ. ಆಮೇಲೆ ನೋಡಿದ್ರೆ..." ಅವನು ಸೋತ ನಗೆ ನಕ್ಕ. "ನಟನೆ ಅಲ್ವೇ ಅಲ್ಲ ಮೇಡಂ! ಏಳು ವರ್ಷದಿಂದ ನಾನು ಮಾಡ್ತಿದ್ದದ್ದೇ ಅದು. ಹೆಸರು ಹಾಕೋದು ಬೇಡ ಅಂತ ಬರೀ 'ಅಧ್ಯಾಪಕರು', 'ಅವರು' ಅಂತ ಬರೆದೆ. ಅವನು ಅಂತ ಬರೆದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ನನಗೆ ನಾನೇ ಮರ್ಯಾದೆ ಕೊಟ್ಕೊಂಡು ನಿಮ್ಮ ಮರ್ಯಾದೆ ಕಳೆದೆ."

"ಗಂಟೆ ಮುಗಿಸೋದು ಅಂತ..."

"ನನಗೇ ಬರಕೊಂಡಿದ್ದು. ನೀವು ಹೇಳಿದ್ದು ನನ್ನ ಬಾಯಿಂದ ಯಾವತ್ತೂ ಹೊರಗೆ ಬರಲ್ಲ."

ಮಾತಾಡುತ್ತಿರುವಾಗಲೇ ಟಿವಿಯಲ್ಲಿ ಎರಡನೇ ಪಾಠ ಶುರುವಾಗಿತ್ತು. ಈ ಸಲ ಪ್ರೇಮಮ್ಮ ತಲೆ ತಗ್ಗಿಸಲಿಲ್ಲ.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಏನೂ ಕಾಣುತ್ತಿಲ್ಲ ಎಂದು ಅಳುವಂತಾಗಿದ್ದಳು. ಗಂಟೆ ಹೊಡೆಯಿತು. ಎಲ್ಲರೂ ಎದ್ದು ಹೋದರು. ಪರದೆಯ ಪ್ರೇಮಮ್ಮ ಹೋಗಲಿಲ್ಲ. ಹುಡುಗಿಯ ಪಕ್ಕ ಮಂಡಿಯೂರಿ ಕೂತಳು. ತಿರುಪು ತಿರುಗಿಸಿದಳು. "ಈಗ ನೋಡವ್ವ," ಎಂದಳು. "ಹಾಂ! ಕಾಣ್ತು ಮೇಡಂ!" ಎಂದು ಹುಡುಗಿ ಕೂಗಿದಳು. ಆಗ ಮೇಡಂ ಮುಖ...

ಆ ಮುಖ ನಗುತ್ತಿತ್ತು. ಪ್ರೇಮಮ್ಮನಿಗೆ ಅದು ನೆನಪೇ ಇರಲಿಲ್ಲ. ಹುಬ್ಬು ಏರಿಸಿ, ತುಟಿಯ ಒಂದು ತುದಿ ಮೊದಲು ಬಿರಿದು... ಹನುಮಂತಪ್ಪ ಮೇಷ್ಟ್ರು ನಗುತ್ತಿದ್ದದ್ದೇ ಹಾಗೆ.

"ಅಪ್ಪ..." ಎಂದಳು.

ಮೊದಲು ಒಂದು ಹನಿ. ಆಮೇಲೆ ತಡೆಯಲು ಆಗಲಿಲ್ಲ. ಎರಡು ವರ್ಷದ ಅಳು ಒಟ್ಟಿಗೆ ಬಂತು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಅವತ್ತು ನಾನು ಎದ್ದು ಓಡಬೇಕಿತ್ತು... ಓಡಲಿಲ್ಲ ನಾನು..."

ಹಾಲೇಶಪ್ಪ ಟಿವಿಯ ಸದ್ದು ತಗ್ಗಿಸಿದ. ಅವಳ ಪಕ್ಕ ಸ್ಟೂಲ್ ಎಳೆದು ಕೂತ.

"ದಿಕ್ಕು ತೋಚದಾಗ ಮನುಷ್ಯ ತನಗೆ ಬರೋದನ್ನ ಮಾಡ್ತಾನೆ. ನಿಮಗೆ ಬರೋದು ಪಾಠ. ಅದನ್ನ ಮಾಡಿದ್ರಿ. ಮೇಷ್ಟ್ರು ಇದ್ದಿದ್ರೆ ಬೈತಿರಲಿಲ್ಲ."

ಅವಳ ಅಳು ನಿಲ್ಲಲು ತುಂಬ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ಕದಲಲಿಲ್ಲ.

"ಅರ್ಜಿ ವಾಪಸ್ ತಗೋತೀನಿ. ಕಾಗದದಲ್ಲಿ ಒಂದು ಮಾತು ಅಂತ ಬರೆದಿದ್ರಿ," ಎಂದಳು ಸೆರಗಿನಿಂದ ಮುಖ ಒರೆಸಿಕೊಂಡು.

"ಈಗ ಹೇಳೋದು ಸರಿ ಇರಲ್ಲ..."

"ಹೇಳ್ರಿ."

ಅವನು ಕ್ಯಾಸೆಟ್ಟಿನ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದ. "ಎಡಿಟಿಂಗ್ ಮಾಡುವಾಗ ಈ ನಗುವನ್ನ ಅರವತ್ತು ಸಲ ನೋಡೀನಿ. ಕೆಲಸಕ್ಕೆ ಮೂರು ಸಲ ಸಾಕಿತ್ತು. ನನ್ನ ಮನೆಯಾಗೆ ಈ ನಗು ಇರಬೇಕು ಅನ್ನಿಸ್ತು. ನಿಮಗೆ ಒಪ್ಪಿಗೆ ಇದ್ರೆ ಗೋವಿನಕೋವಿಯಿಂದ ನಮ್ಮ ಅಪ್ಪ ಅವ್ವನ್ನ ಕರ್ಕೊಂಡು ತ್ಯಾವಣಿಗೆಗೆ ಬರ್ತೀನಿ."

ಪ್ರೇಮಮ್ಮನ ಎದೆ ಹೊಡೆದುಕೊಂಡಿತು. ಅದು ಹೊಡೆದುಕೊಂಡದ್ದು ಅವಳಿಗೆ ಗೊತ್ತಾಯಿತು! ಹಾಗೆಂದೇ ಮತ್ತೆ ಕಣ್ಣು ತುಂಬಿತು.

"ನಮ್ಮವ್ವ ಮೇಷ್ಟ್ರ ಹೆಂಡ್ತಿ," ಎಂದಳು. "ಬಂದ ಗಂಡಿನ ಹೊಲ ಮನೆ ಕೇಳಲ್ಲ. ಪಾಠ ಹೆಂಗೆ ಮಾಡ್ತಾನೆ ಅಂತ ಕೇಳ್ತಾಳೆ. ಏನ್ ಹೇಳ್ಲಿ?"

ಅವನು ಟಿವಿಯ ಕಡೆ ನೋಡಿ ತಲೆ ಕೆರೆದುಕೊಂಡ. "ಇದ್ದದ್ದನ್ನೇ ಹೇಳ್ರಿ."

"ಈಗ ಬರಲ್ಲವ್ವ," ಎಂದಳು ಪ್ರೇಮಮ್ಮ, "ನಾನು ಕಲಿಸ್ತೀನಿ ಅಂತ ಹೇಳ್ತೀನಿ."